ಕರೆಂಟಿಗೆ ಬಣ್ಣ ಬದಲಿಸುವ ವಸ್ತುಗಳು

೧೯೮೨ರ ಆಗಸ್ಟ್ ೨೨, ಭಾನುವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ಹೊಸಪೇಟೆಯ ನನ್ನ ಮನೆಯ ಪಡಸಾಲೆ. ಹಾಜರಿದ್ದವರು ಮೂವರು: ನಾನು, ಕಂಪ್ಲಿಯ ಒಂದು ಅಕ್ಕಿ ಗಿರಣಿಯ ಮೇಸ್ತ್ರಿ, ಮತ್ತು ಇಪ್ಪತ್ತಾರು ದಿನಗಳ ಹಿಂದೆ ಆ ಗಿರಣಿಯ ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ ಪ್ರಾಣ ಬಿಟ್ಟ ನನ್ನ ವಿದ್ಯಾರ್ಥಿಯ ಹೆಂಡತಿ.

ದಿನಚರಿಯಲ್ಲಿ ಇಷ್ಟು ಬರೆದಿದ್ದೇನೆ. ಆ ಪುಟದಲ್ಲಿ ಇದರ ಕೆಳಗೆ ಸಂಜೆ ಐದು ಐವತ್ತೈದರವರೆಗೆ ಏನೂ ಇಲ್ಲ. ಮೂವತ್ತು ವರ್ಷಗಳ ನನ್ನ ದಿನಚರಿಗಳಲ್ಲಿ ಹಾಗೆ ಖಾಲಿ ಉಳಿದ ಜಾಗ ಅದೊಂದೇ. ಅದನ್ನು ಈಗ ತುಂಬುತ್ತಿದ್ದೇನೆ.

ಆಗ ನಾನು ಡ್ಯಾಮಿನ ಕಡೆಯ ಒಂದು ಕಾರ್ಖಾನೆಯಲ್ಲಿ ಮೀಟರುಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದೆ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಆರರಿಂದ ಏಳೂವರೆಯವರೆಗೆ ನನ್ನ ಪಡಸಾಲೆಯಲ್ಲೇ ವೈರ್‌ಮನ್ ಪರೀಕ್ಷೆಗೆ ಕೂರುವವರಿಗೆ ಪಾಠ ಹೇಳುತ್ತಿದ್ದೆ. ಕಾಲುವೆ ನೀರು ಬಂದ ಮೇಲೆ ಎಲ್ಲೆಲ್ಲೂ ಗಿರಣಿ, ಎಲ್ಲೆಲ್ಲೂ ಪಂಪ್ ಮನೆ. ತಂತಿ ಎಳೆಯುವವರಿಗೆ ಕೆಲಸಕ್ಕೆ ಕೊರತೆಯಿರಲಿಲ್ಲ, ಕಲಿಸುವವರಿಗೆ ಕೊರತೆಯಿತ್ತು. ಕಂಪ್ಲಿ, ಸಂಡೂರು, ದೋಣಿಮಲೈ ಕಡೆಯಿಂದ ಹುಡುಗರು ಬಸ್ ಹತ್ತಿ ಬರುತ್ತಿದ್ದರು. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಹಾಗಾಗಿ ನಾನೇ ಕನ್ನಡದಲ್ಲಿ ನಾಲ್ಕು ಪುಟದ ಒಂದು ಹಾಳೆ ತಯಾರಿಸಿ, ಸ್ಟೆನ್ಸಿಲ್ ಕೊರೆದು, ಪ್ರತಿ ತೆಗೆಸಿ ಹಂಚಿದ್ದೆ. ಯಾವ ಪ್ರತಿ ಯಾರಿಗೆ ಕೊಟ್ಟೆನೆಂದು ಪಟ್ಟಿಯೂ ಇತ್ತು. ಆ ಹಾಳೆಯ ಬಗ್ಗೆ ನನಗೆ ಹೆಮ್ಮೆಯಿತ್ತು. ಕನ್ನಡದಲ್ಲಿ ಇಂಥದ್ದು ಬರೆಯಲಾಗದು ಎಂದವರಿಗೆ ಅದನ್ನು ತೋರಿಸುತ್ತಿದ್ದೆ.

ಭಾನುವಾರ ಎಂಟರಿಂದ ಒಂಬತ್ತು, ನೋಟ್‌ಬುಕ್ ತಿದ್ದುವ ಹೊತ್ತು. ಆ ಹೊತ್ತಿನಲ್ಲಿ ಯಾರೂ ಬರಕೂಡದೆಂದು ಮನೆಯವರಿಗೂ ಹೇಳಿಟ್ಟಿದ್ದೆ. ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ. ಅವನ ಹಿಂದೆ ಆಕೆ, ಸೆರಗನ್ನು ತಲೆತುಂಬ ಹೊದ್ದುಕೊಂಡು.

"ಟೈಮಿಗೆ ಬಂದಿಲ್ಲಂತ ಬೈಬ್ಯಾಡ್ರಿ ಮಾಸ್ತರ್ರ," ಎಂದ ಮೇಸ್ತ್ರಿ. "ಈಕಿ ರಾತ್ರಿ ಬೆಳತನಕ ಮಲಗಿಲ್ಲ. ನಾ ಫಸ್ಟ್ ಬಸ್ಸಿಗೆ ಕಂಪ್ಲಿಯಿಂದ ಬಂದೀನಿ."

ಇಬ್ಬರನ್ನೂ ಕೂರಿಸಿದೆ. ಮೇಸ್ತ್ರಿ ಬೆಂಚಿನ ಮೇಲೆ ಕೂತ, ಆಕೆ ಗೋಡೆಗೆ ಒರಗಿ ನೆಲದ ಮೇಲೆ. ಮೇಸ್ತ್ರಿ ಒಂದು ಖಾಕಿ ಚೀಲ ತಂದಿದ್ದ. ಸತ್ತವನದು. ಗಿರಣಿಯ ಕಪಾಟಿನಲ್ಲೇ ಉಳಿದುಹೋಗಿತ್ತಂತೆ. ಅದರಿಂದ ಒಂದು ಇಕ್ಕಳ, ಒಂದು ಟೆಸ್ಟರ್, ಒಂದು ನೋಟ್‌ಬುಕ್, ಅದರೊಳಗೆ ಮಡಚಿಟ್ಟ ನನ್ನ ಹಾಳೆ ಹೊರಬಂದವು.

ಆಕೆ ನೋಟ್‌ಬುಕ್ಕನ್ನು ನನ್ನ ಕಡೆ ಸರಿಸಿದಳು. "ಇದ್ರಾಗ ಕಂಬದ ಸುದ್ದಿ ಏನರ ಬರದಾನೇನ್ರೀ ಸರ? ನನಗ ಅಕ್ಷರ ಬರಂಗಿಲ್ಲ. ಅವಗ ಗೊತ್ತಿತ್ತೋ ಇಲ್ಲೋ, ಅಷ್ಟು ಓದಿ ಹೇಳಿಬಿಡ್ರಿ."

"ಏನು ಗೊತ್ತಿತ್ತೋ ಇಲ್ಲವೋ ಅಂತ ಕೇಳ್ತೀಯಮ್ಮ?"

"ತಂತ್ಯಾಗ ಕರೆಂಟ್ ಐತಿ ಅಂತ."

ಆಕೆ ತಲೆ ಎತ್ತದೆ ಮುಂದಿನದನ್ನೂ ಹೇಳಿದಳು. ಆ ದಿನ ಬೆಳಿಗ್ಗೆ ಬುತ್ತಿ ಕಟ್ಟುವುದು ತಡವಾಗಿತ್ತು. ಅವನು ಕೂಗಾಡಿದ. "ನಾನೂ ಒದರಿದೆ ರೀ. ಸಾಯಿ ಹೋಗು ಅಂದೆ. ಬಾಯಿಗೆ ಬಂತು, ಅಂದೆ. ಅತ್ತಿ ಒಳಗಿದ್ದು ಕೇಳಿದ್ಲು. ಹತ್ತು ಗಂಟೇಕ ಸುದ್ದಿ ಬಂತು."

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಅತ್ತೆ ಆಕೆಯನ್ನು ಮನೆಯಿಂದ ಹೊರಗೆ ಹಾಕಿದ್ದಳು. ಮೂರು ವರ್ಷದ ಮಗಳನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡಿದ್ದಳು. ಆಕೆಯ ತವರು ಹೊಸಪೇಟೆಯಲ್ಲೇ ಇತ್ತು. ಎರಡು ಸಲ ಕಂಪ್ಲಿಗೆ ಹೋಗಿ, ಬಾಗಿಲಲ್ಲೇ ನಿಂತು, ಕೂಸನ್ನು ನೋಡದೆ ವಾಪಸು ಬಂದಿದ್ದಳು.

"ಊರಾಗ ಎಲ್ಲಾರ ಬಾಯಾಗೂ ಒಂದ ಮಾತು ಮಾಸ್ತರ್ರ," ಎಂದ ಮೇಸ್ತ್ರಿ. "ಕಲೀದಾಂವ ತಪ್ಪು ಮಾಡ್ತಾನ. ಇವ ಹೊಸಪ್ಯಾಟಿಗೆ ಹೋಗಿ ಕ್ಲಾಸಿನಾಗ ಕಲ್ತಾಂವ. ತಿಳೀದ ಕೈ ಹಾಕಿಲ್ಲ, ಬೇಕಂತನ ಹಾಕ್ಯಾನ, ಈಕಿ ಮಾತಿಗೆ ಹಾಕ್ಯಾನ ಅಂತ."

ಅಂದರೆ ನನ್ನ ಪಾಠವೇ ಆಕೆಯ ಮೇಲಿನ ಸಾಕ್ಷಿಯಾಗಿತ್ತು.

ನೋಟ್‌ಬುಕ್ ತೆರೆದೆ. ಅಕ್ಷರ ದುಂಡಗಿತ್ತು. ಪುಟ ತಿರುವುತ್ತಾ ಹೋದೆ. ಜೂನ್ ತಿಂಗಳಲ್ಲಿ ನಾನು ಕೊಟ್ಟ ಕಿರುಪರೀಕ್ಷೆ ಸಿಕ್ಕಿತು. ಮೂರನೆಯ ಪ್ರಶ್ನೆ: ಕರೆಂಟಿಗೆ ಬಣ್ಣ ಬದಲಿಸುವ ಮೂರು ವಸ್ತುಗಳನ್ನು ಹೆಸರಿಸಿ. ಅವನ ಉತ್ತರದ ಎರಡನೆಯ ಸಾಲು: "ಬ್ರೀದರ್ ಹರಳು. ಕರೆಂಟ್ ಇದ್ದರೆ ಗುಲಾಬಿ, ಇಲ್ಲದಿದ್ದರೆ ನೀಲಿ." ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ರೈಟ್ ಗುರುತು. ನಾನು ಹಾಕಿದ್ದು.

ಇದು ತಿಳಿಯದವರಿಗೆ ಒಂದು ಮಾತು. ಟ್ರಾನ್ಸ್‌ಫಾರ್ಮರಿನೊಳಗೆ ಎಣ್ಣೆ ಇರುತ್ತದೆ. ಕಾದಾಗ ಅದು ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ಆಗೆಲ್ಲ ಹೊರಗಿನ ಗಾಳಿಯನ್ನು ಎಳೆದುಕೊಂಡು ಬಿಡುತ್ತದೆ. ಒಂದು ರೀತಿಯಲ್ಲಿ ಉಸಿರಾಡುತ್ತದೆ. ಆ ಗಾಳಿಯ ತೇವ ಒಳಗೆ ಹೋಗದಂತೆ ಹೀರಿಕೊಳ್ಳಲು ಕೆಳಗೆ ಒಂದು ಗಾಜಿನ ಪಾತ್ರೆ, ಅದರ ತುಂಬ ಹರಳು. ಇದೇ ಬ್ರೀದರ್. ಹರಳು ಒಣಗಿದ್ದಾಗ ನೀಲಿ, ತೇವ ಕುಡಿದಾಗ ಗುಲಾಬಿ. ತಂತಿಯಲ್ಲಿ ಕರೆಂಟ್ ಇದ್ದರೂ ಇಲ್ಲದಿದ್ದರೂ ಆ ಹರಳಿಗೆ ಏನೂ ಗೊತ್ತಾಗುವುದಿಲ್ಲ.

ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಸ್ಟೆನ್ಸಿಲ್ಲಿನ ಕೊನೆಯ ಪುಟದಲ್ಲಿ ಐದು ಸಾಲಿಗಷ್ಟೇ ಜಾಗ ಉಳಿದಿತ್ತು. ಬಣ್ಣ ಬದಲಿಸುವ ಮೂರು ವಸ್ತುಗಳನ್ನು, ಬ್ಯಾಟರಿಯ ಪ್ಲಸ್-ಮೈನಸ್ ಗುರುತಿಸುವ ಪೋಲ್ ಪೇಪರು, ಬ್ರೀದರ್ ಹರಳು, ತಂತಿ ಬಿಗಿಯುವ ಕ್ಲಾಂಪಿಗೆ ಬಳಿಯುವ ಶಾಖದ ಬಣ್ಣ, ಒಂದೇ ತಲೆಬರಹದ ಕೆಳಗೆ ಸೇರಿಸಿದೆ: ಕರೆಂಟಿಗೆ ಬಣ್ಣ ಬದಲಿಸುವ ವಸ್ತುಗಳು. ಕರೆಂಟಿನ ಕೆಲಸದಲ್ಲಿ ಸಿಗುವ ವಸ್ತುಗಳೆಂಬ ಅರ್ಥದಲ್ಲಿ ಬರೆದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಸುಳ್ಳು. ಯಾವ ಅರ್ಥವನ್ನೂ ಯೋಚಿಸಿರಲಿಲ್ಲ. ಪುಟ ತುಂಬಿತು, ಅಚ್ಚುಕಟ್ಟಾಗಿ ಕಂಡಿತು, ಅಷ್ಟೇ. ತಲೆಬರಹ ಬಿಟ್ಟ ಜಾಗವನ್ನು ಅವನು ತನ್ನ ಬುದ್ಧಿಯಿಂದ ತುಂಬಿಕೊಂಡ. ಪರೀಕ್ಷೆಯಲ್ಲಿ ಬರೆದು ನನ್ನನ್ನು ಕೇಳಿದ. ನಾನು ಸರಿ ಎಂದೆ. ನೋಟ್‌ಬುಕ್ಕುಗಳನ್ನು ಗಡಿಯಾರ ಮುಂದಿಟ್ಟುಕೊಂಡು ತಿದ್ದುವುದು ನನ್ನ ಪದ್ಧತಿಯಾಗಿತ್ತು.

"ಏನು ಬರದಾನ್ರಿ?" ಎಂದಳು ಆಕೆ.

ಆಕೆಗೆ ಓದು ಬಾರದು. ನಾನು ಮೊದಲನೆಯ ಸಾಲು ಓದಿದೆ: ಪೋಲ್ ಪೇಪರು. ಮೂರನೆಯ ಸಾಲು ಓದಿದೆ: ಶಾಖದ ಬಣ್ಣ. ನೋಟ್‌ಬುಕ್ ಮುಚ್ಚಿ, "ಕಂಬದ ವಿಷಯ ಏನೂ ಇಲ್ಲಮ್ಮ," ಎಂದೆ.

ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ವರ್ಷ ಯೋಚಿಸಿದ್ದೇನೆ. ಬರೆಯಬೇಕು. ನಾನು ಹಾಗೆ ಹೇಳಿದೆ.

ಮೇಸ್ತ್ರಿ ನನ್ನ ಮುಖ ನೋಡುತ್ತಿದ್ದ. ಅವನು ಏಳನೆಯ ಇಯತ್ತೆಯವರೆಗೆ ಓದಿದವನೆಂದು ನನಗೆ ಆಗ ಗೊತ್ತಿರಲಿಲ್ಲ.

"ಮಾಸ್ತರ್ರ," ಎಂದ ಮೆಲ್ಲಗೆ, "ಕಂಬ ಹತ್ತೂಕಿಂತ ಮುಂಚೆ ಅವ ಗಾಜು ನೋಡಿದ. 'ನೀಲಿ ಐತಲೇ ಮೇಸ್ತ್ರಿ, ಲೈನ್ ಇಲ್ಲ' ಅಂದ. ನಾ ಅಂದೆ, ಗಾಜಿನಾಗ ಲೈನ್ ಕಾಣ್ತದೇನಲೇ ಹುಚ್ಚಾ ಅಂತ. 'ನಿನಗೇನ್ ಗೊತ್ತು, ನೀ ಕ್ಲಾಸಿಗೆ ಬಂದೀಯೇನು' ಅಂತ ನಕ್ಕೋತ ಹತ್ತಿದ. ಇದನ್ನ ನಾ ಯಾರ ಮುಂದೂ ಅಂದಿಲ್ರಿ. ನಡುವಿನ ಸಾಲು ಬಿಟ್ರೆಲ್ಲ, ಅದನ್ನೊಂದು ಓದ್ರಿ."

ಪಡಸಾಲೆಯ ಗಡಿಯಾರ ಒಂಬತ್ತು ಹೊಡೆಯಿತು. ನೋಟ್‌ಬುಕ್ ಮತ್ತೆ ತೆರೆದೆ. ನಡುವಿನ ಸಾಲು ಓದಿದೆ. ಪಕ್ಕದ ಕೆಂಪು ಗುರುತು ನನ್ನದೆಂದೂ, ಅವನು ಬರೆದದ್ದು ತಪ್ಪೆಂದೂ, ನನ್ನ ಹಾಳೆ ನೋಡಿ ಅವನು ಹಾಗೆ ತಿಳಿದನೆಂದೂ ಹೇಳಿದೆ. ಆಕೆ ಬಗ್ಗಿ ಆ ಕೆಂಪು ಗುರುತನ್ನು ನೋಡಿದಳು.

"ಅಂದ್ರ ಅವಗ ಗೊತ್ತಿರ್ಲಿಲ್ಲ."

"ಗೊತ್ತಿರಲಿಲ್ಲ."

"ನಕ್ಕೋತ ಹತ್ತಿದ್ನಾ ಅಣ್ಣಾ?" ಎಂದು ಮೇಸ್ತ್ರಿಯನ್ನು ಕೇಳಿದಳು.

"ಹೂನವ್ವಾ. ನನ್ನ ಆಡಿಕೊಂಡು ನಕ್ಕೋತ."

ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತ ಸದ್ದು ಕೇಳಿ ನನ್ನ ಹೆಂಡತಿ ಒಳಗಿನಿಂದ ಬಂದು ಆಕೆಯ ಪಕ್ಕ ಕೂತಳು.

ಆಕೆ ಮುಖ ಒರೆಸಿಕೊಂಡು ಹೇಳಿದ್ದು ಒಂದೇ ಮಾತು. "ಇದನ್ನ ಅತ್ತಿ ಮುಂದ ಹೇಳ್ರಿ. ನಾ ಹೇಳಿದ್ರ ನಂಬಂಗಿಲ್ಲ."

ಹತ್ತೂವರೆಯ ಬಸ್ ಹಿಡಿದೆವು. ತರಗತಿಯಲ್ಲಿ ತೋರಿಸಲು ಇಟ್ಟುಕೊಂಡಿದ್ದ ನೀಲಿ ಹರಳಿನ ಸೀಸೆಯನ್ನು ಜೋಳಿಗೆಗೆ ಹಾಕಿಕೊಂಡೆ. ಅದರ ಬಾಯಿಗೆ ಮೇಣ ಹಚ್ಚಿ ಮುಚ್ಚಿತ್ತು. ಜೊತೆಗೆ ಒಂದು ತಗಡಿನ ಮುಚ್ಚಳ, ಒಂದು ಇಕ್ಕಳ, ಕೆಂಪು ಪೆನ್ನು, ಪ್ರತಿಗಳ ಪಟ್ಟಿ, ಸತ್ತವನ ನೋಟ್‌ಬುಕ್ ಮತ್ತು ಹಾಳೆ, ನನ್ನ ದಿನಚರಿ.

"ಮಾಸ್ತರ್ರು ಭಾನುವಾರ ಟೈಂಟೇಬಲ್ ಬಿಟ್ಟು ಹೊರಬಿದ್ರು ಅಂತ ಗೊತ್ತಾದ್ರ ಕಾಲುವಿ ನೀರು ನಿಂತುಬಿಡ್ತಾವ," ಎಂದ ಮೇಸ್ತ್ರಿ, ನನ್ನನ್ನು ಮಾತಾಡಿಸಲು. ನಾನು ನಗಲಿಲ್ಲ.

ಕಮಲಾಪುರದಲ್ಲಿ ಹಂಪಿಗೆ ಹೋಗುವವರು ಇಳಿದರು. ಬಸ್ ಅರ್ಧ ಖಾಲಿಯಾಯಿತು. ಮುಂದೆ ಎರಡೂ ಕಡೆ ನೀರು ನಿಂತ ಗದ್ದೆ, ಬಾಳೆ, ಕಬ್ಬು. ಹೆಂಗಸರು ಸಾಲಾಗಿ ಬಗ್ಗಿ ನಾಟಿ ಮಾಡುತ್ತಿದ್ದರು. ಪ್ರತಿ ಅರ್ಧ ಮೈಲಿಗೆ ಒಂದು ಟ್ರಾನ್ಸ್‌ಫಾರ್ಮರು. ಅಲ್ಲಿಯವರೆಗೆ ನಾನು ಅವುಗಳನ್ನು ಎಣಿಸಿದವನಲ್ಲ. ಅಂದು ಪ್ರತಿಯೊಂದರ ಕೆಳಗೂ ಗಾಜಿನ ಪಾತ್ರೆಯನ್ನು ಹುಡುಕಿದೆ. ನೀರು ಹರಿಯುವ ಸೀಮೆ, ಗಾಳಿಯ ತುಂಬ ತೇವ. ಹೆಚ್ಚಿನವು ಗುಲಾಬಿಗೆ ತಿರುಗಿದ್ದವು. ನನ್ನ ವಿದ್ಯಾರ್ಥಿ ದಿನಾ ನೋಡುತ್ತಿದ್ದದ್ದು ಇದನ್ನೇ. ಕರೆಂಟ್ ಇದೆ, ಗುಲಾಬಿ ಇದೆ. ತಿಂಗಳುಗಟ್ಟಲೆ ನನ್ನ ಮಾತು ಅವನ ಕಣ್ಣಮುಂದೆ ನಿಜವಾಗಿಯೇ ಕಂಡಿತ್ತು. ಗಿರಣಿಯ ಹರಳನ್ನು ಅವನು ಸಾಯುವ ಹಿಂದಿನ ದಿನ ಹೊಸದಾಗಿ ತುಂಬಿಸಿದ್ದರೆಂದು ಮೇಸ್ತ್ರಿ ಹೇಳಿದ. ಹಾಗಾಗಿ ಆ ಬೆಳಿಗ್ಗೆ ಮಾತ್ರ ನೀಲಿ.

ಬಸ್ಸಿನಲ್ಲಿ ಕೂತು, ಆರು ತಿಂಗಳ ಹಿಂದೆಯೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ಆ ಮೂರನ್ನು ಬಿಡಿಸಿದೆ. ಹರಳು ಬದಲಾಗುವುದು ತೇವಕ್ಕೆ. ಕ್ಲಾಂಪಿನ ಬಣ್ಣ ಬದಲಾಗುವುದು ಶಾಖಕ್ಕೆ. ಬೆಂಕಿ ಹಿಡಿದರೂ ಬದಲಾದೀತು. ಪೋಲ್ ಪೇಪರನ್ನು ಒದ್ದೆ ಮಾಡಿ ಬ್ಯಾಟರಿಯ ಎರಡು ತಂತಿ ತಾಗಿಸಿದರೆ ಮೈನಸ್ ತಂತಿಯ ಬುಡದಲ್ಲಿ ಕೆಂಪಾಗುತ್ತದೆ. ಅಲ್ಲಿ ಕರೆಂಟಿನ ಕೈವಾಡವಿದೆ, ಆದರೆ ಕರೆಂಟು ನೀರನ್ನು ಒಡೆದು ಮಾಡಿದ ಕ್ಷಾರಕ್ಕೆ ಕಾಗದದ ಮದ್ದು ಕೆಂಪಾಗುವುದು. ಕರೆಂಟು ಹರಿದದ್ದರಿಂದಲೇ ಬಣ್ಣ ತಾಳಿ, ದಿಕ್ಕು ತಿರುಗಿಸಿ ಹರಿಸಿದರೆ ಬಣ್ಣ ಬಿಡುವ ವಸ್ತು ಎಂದರೆ ಬೇರೆಯೇ ಜಾತಿ. ಟಂಗ್‌ಸ್ಟನ್ ಆಕ್ಸೈಡಿನ ತೆಳು ಪದರ ಹಾಗೆ ಮಾಡುತ್ತದೆಂದು ಎಷ್ಟೋ ವರ್ಷದ ಮೇಲೆ ಒಂದು ಪತ್ರಿಕೆಯಲ್ಲಿ ಓದಿದೆ. ಕರೆಂಟಿಗೆ ಬಣ್ಣ ಬದಲಿಸುವ ವಸ್ತು ಎಂಬ ಹೆಸರು ಸಲ್ಲುವುದು ಅದಕ್ಕೊಂದಕ್ಕೆ. ಓದುತ್ತಾ ಓದುತ್ತಾ ಇನ್ನೊಂದು ವಿಷಯ ತಿಳಿದು ಪತ್ರಿಕೆ ಕೆಳಗಿಟ್ಟೆ. ತಂತಿ ಕಿತ್ತ ಮೇಲೂ ಆ ಪದರದ ಬಣ್ಣ ಹಾಗೇ ನಿಲ್ಲುತ್ತದಂತೆ. ಎಂದರೆ ಹೆಸರಿಗೆ ಸಲ್ಲುವ ವಸ್ತುವೂ ಈ ಕ್ಷಣ ಕರೆಂಟ್ ಇದೆಯೋ ಇಲ್ಲವೋ ಹೇಳಲಾರದು. ಯಾವ ಬಣ್ಣವೂ ಹೇಳಲಾರದು.

ಕಂಪ್ಲಿ ತಲುಪಿದಾಗ ಹನ್ನೊಂದು ಐವತ್ತು. ಕೋಟೆ ಕಡೆಯ ಓಣಿಯಲ್ಲಿ ಮನೆ. ಒಲೆ ಹೊತ್ತಿತ್ತು, ಅನ್ನದ ಗಡಿಗೆ ಕುದಿಯುತ್ತಿತ್ತು. ಅತ್ತೆ ಗಟ್ಟಿಮುಟ್ಟಾದ ಹೆಂಗಸು, ಅರವತ್ತರ ಹತ್ತಿರ. ಕೂಸು ಆಕೆಯ ಮಗ್ಗುಲಲ್ಲಿ ಕೂತು ಬೆಲ್ಲ ನೆಕ್ಕುತ್ತಿತ್ತು. ತಾಯಿಯನ್ನು ಕಂಡು ಎದ್ದಿತು. ಅಜ್ಜಿ ಲಂಗ ಹಿಡಿದು ಕೂರಿಸಿದಳು.

"ನೀ ಹೊರಗ ನಿಂದ್ರು," ಎಂದಳು ಸೊಸೆಗೆ. ನಮಗೆ, "ಬರ್ರಿ, ಕುಂದ್ರಿ. ಈಕಿ ಪರವಾಗಿ ಮಾತಾಡಾಕ ಬಂದಿದ್ರ ಮಾತ್ರ ಬ್ಯಾಡ."

"ನಾನು ನಿಮ್ಮ ಮಗನಿಗೆ ಪಾಠ ಹೇಳಿದವನು," ಎಂದೆ.

ಆಕೆಯ ಮುಖ ಬದಲಾಯಿತು. ಚಾಪೆಯ ಮೇಲಿನ ಧೂಳನ್ನು ಸೆರಗಿನಿಂದ ಹೊಡೆದಳು. "ನೀವೇನ್ರಿ? ನಿಮ್ಮ ಹೆಸರು ಹೇಳ್ತಿದ್ದ. ಸರ್ ಹಂಗಂದ್ರು, ಸರ್ ಹಿಂಗಂದ್ರು. ಉಂಡ ಕೈ ತೊಳಿಯೋತನಕ ಅದ. ನೀವ ಹೇಳ್ರಿ ಈಗ, ನನ್ನ ಮಗ ದಡ್ಡೇನ್ರಿ?"

"ಅಲ್ಲ. ಚುರುಕು ಹುಡುಗ."

"ಕೇಳಿದೇನ?" ಎಂದಳು ಬಾಗಿಲ ಕಡೆಗೆ. "ಸ್ವಂತ ಸರ್ರು ಹೇಳಾಕತ್ಯಾರ. ತಿಳಿದಾಂವ ತಿಳಿದೇ ಹಿಡದಾನ. ನಿನ್ನ ಬಾಯಿ ಅವನ್ನ ಕಂಬ ಹತ್ತಿಸ್ತು."

ನಾನು ಜೋಳಿಗೆಯಿಂದ ಸೀಸೆ ತೆಗೆದೆ. ಆ ಮನೆಗೆ ಇನ್ನೂ ಕರೆಂಟ್ ಬಂದಿರಲಿಲ್ಲ. ಅಕ್ಕಪಕ್ಕದ ಮನೆಗಳಿಗೆಲ್ಲ ತಂತಿ ಎಳೆದುಕೊಟ್ಟವನು ತನ್ನ ಮನೆಯ ಕೆಲಸವನ್ನು ದೀಪಾವಳಿಗೆಂದು ಮುಂದೂಡಿದ್ದನಂತೆ. ಗೋಡೆಯಲ್ಲಿ ಬರೀ ಮೊಳೆ ಹೊಡೆದು ದಾರಿ ಗುರುತು ಮಾಡಿದ್ದ.

"ಅಮ್ಮಾ, ಇದು ಟ್ರಾನ್ಸ್‌ಫಾರ್ಮರಿನ ಗಾಜಿನಲ್ಲಿ ಇರುವ ಹರಳು. ಬಣ್ಣ ಏನಿದೆ?"

"ನೀಲಿ."

"ನಿಮ್ಮ ಮಗ ಇದು ನೀಲಿ ಇದ್ದರೆ ತಂತಿಯಲ್ಲಿ ಕರೆಂಟ್ ಇಲ್ಲ, ಗುಲಾಬಿ ಇದ್ದರೆ ಇದೆ ಅಂತ ತಿಳಿದಿದ್ದ. ಈಗ ನೋಡಿ."

ತಗಡಿನ ಮುಚ್ಚಳದಲ್ಲಿ ಒಂದು ಹಿಡಿ ಹರಳು ಸುರಿದೆ. ವಿಷದ ವಸ್ತು, ಅಡುಗೆಯ ಪಾತ್ರೆಗೆ ತಾಗಬಾರದು. ಗಡಿಗೆಯನ್ನು ಮುಚ್ಚಿಸಿ, ಪಕ್ಕದ ಒಲೆಯ ಮೇಲೆ ಸ್ನಾನಕ್ಕೆ ಕಾಯುತ್ತಿದ್ದ ನೀರಿನ ಹಂಡೆಯ ಆವಿಗೆ ಮುಚ್ಚಳವನ್ನು ಇಕ್ಕಳದಲ್ಲಿ ಹಿಡಿದೆ. ಗಡಿಯಾರ ನೋಡಿದೆ. ಅಂಚಿನ ಹರಳು ಮೊದಲು ಮಾಸಿತು, ನೇರಳೆಯಾಯಿತು. ಏಳು ನಿಮಿಷಕ್ಕೆ ಬಹುಪಾಲು ಗುಲಾಬಿ.

"ಕೆಂಪಾತು ಆಯಿ," ಎಂದಿತು ಕೂಸು.

ಮುಚ್ಚಳವನ್ನು ಒಲೆಯ ಕೆಂಡದ ಮೇಲಿಟ್ಟೆ. ಹರಳು ಚಿಟಿಚಿಟಿ ಎಂದವು. ಕಾಲು ಗಂಟೆ ಹಿಡಿಯಿತು. ಮತ್ತೆ ನೀಲಿ.

ಅತ್ತೆ ಮುಚ್ಚಳವನ್ನೇ ನೋಡುತ್ತಿದ್ದಳು. "ಇದಕ್ಕ ಕರೆಂಟ್ ಬ್ಯಾಡೇನ್ರಿ?"

"ಬೇಡ. ತೇವ ಸಾಕು."

"ಮತ್ತ ಅವಗ ಹಂಗಂತ ಯಾರು ಹೇಳಿದ್ರು?"

ಹಾಳೆಯನ್ನೂ ನೋಟ್‌ಬುಕ್ಕನ್ನೂ ಆಕೆಯ ಮುಂದಿಟ್ಟೆ. ತಲೆಬರಹ ಓದಿದೆ. ಅವನ ಸಾಲು ಓದಿದೆ. ಕೆಂಪು ಗುರುತಿನ ಮೇಲೆ ಬೆರಳಿಟ್ಟು, "ಇದು ನನ್ನದು. ಅವನು ಸರಿಯೇನ್ರೀ ಎಂದು ಕೇಳಿದ್ದಾನೆ. ನಾನು ಸರಿ ಎಂದಿದ್ದೇನೆ," ಎಂದೆ.

ಮೇಸ್ತ್ರಿ ಕೂತಲ್ಲಿಂದಲೇ ಬಾಯಿ ತೆರೆದ. "ಲೈನ್ ಬಂದ್ ಮಾಡೂ ಹಿಡಿಕಿ ಎಳದಾಂವ ನಾನು ದೊಡ್ಡವ್ವಾ. ಎಳದ್ರ ಮ್ಯಾಲ ಸ್ವಿಚ್ಚಿನ ಮೂರು ಕತ್ತಿ ಬಿಚ್ಚಿಕೋಬೇಕು. ಒಂದು ಅಂಟಿಕೊಂಡು ನಿಂತಿತ್ತು, ಆ ತಂತ್ಯಾಗ ಕರೆಂಟ್ ಉಳದಿತ್ತು. ನಾ ತಲಿ ಎತ್ತಿ ನೋಡ್ಲಿಲ್ಲ. ಅವ ಗಾಜು ನೋಡಿದ, ನಾ ಅವನ ಮುಖ ನೋಡಿದೆ. ನಕ್ಕೋತ ಹತ್ತಿದ. ಸಿಟ್ಟಿನಾಗ ಇರ್ಲಿಲ್ಲ. ಈಕಿ ಮ್ಯಾಲ ಆಣಿ ಬ್ಯಾಡ, ನನ್ನ ಮಕ್ಕಳ ಮ್ಯಾಲ ಆಣಿ."

ಒಲೆಯಲ್ಲಿ ಒಂದು ಕೊಳ್ಳಿ ಜಾರಿ ಬಿತ್ತು. ಅತ್ತೆ ಅದನ್ನು ಒಳಗೆ ನೂಕಿದಳು. ನನ್ನ ಕಡೆ ತಿರುಗಿದಳು.

"ಹಂಗ್ಯಾಕ ಬರದ್ರಿ?"

ಜಾಗ ಸಾಲಲಿಲ್ಲ ಎನ್ನಲು ಬಾಯಿ ಬರಲಿಲ್ಲ. ಈಗಲೂ ಔಷಧದ ಡಬ್ಬಿಗಳಲ್ಲಿ, ಮೊಮ್ಮಗನ ಕ್ಯಾಮೆರಾ ಪೆಟ್ಟಿಗೆಯಲ್ಲಿ ಆ ಹರಳಿನ ಸಣ್ಣ ಪುಡಿಕೆ ಬರುತ್ತದೆ. ಬಿಚ್ಚಿದ ಕೂಡಲೇ ಆಕೆಯ ದನಿ ಕಿವಿಗೆ ಬೀಳುತ್ತದೆ, ಬೈಗುಳವಿಲ್ಲದೆ, ತಿಳಿದುಕೊಳ್ಳಬೇಕೆಂದೇ ಕೇಳಿದ ದನಿ. ಪುಡಿಕೆಯನ್ನು ಬಿಸಾಡಲಾಗದೆ ಮೇಜಿನ ಖಾನೆಯಲ್ಲಿಡುತ್ತೇನೆ. ಮಳೆಗಾಲದಲ್ಲಿ ಖಾನೆ ಎಳೆದರೆ ನೀಲಿ ಇದ್ದವೆಲ್ಲ ಗುಲಾಬಿಯಾಗಿರುತ್ತವೆ.

ಅತ್ತೆ ಬಾಗಿಲ ಕಡೆ ನೋಡದೆಯೇ ಹೇಳಿದಳು. "ಲೇ, ಬಿಸಲಾಗ ಎಷ್ಟೊತ್ತು ನಿಂದ್ರತಿ? ಒಳಗ ಬಾ. ಇದರ ತಲಿ ನೋಡು, ಹದಿನೈದು ದಿನದಿಂದ ನನಗ ಬಾಚಾಕ ಬಿಡವಲ್ದು."

ಸೊಸೆ ಒಳಗೆ ಬಂದಳು. ಕೂಸು ಹೋಗಿ ಅವಳ ಮಡಿಲಲ್ಲಿ ಕೂತಿತು. ಗೂಡಿನಿಂದ ಬಾಚಣಿಗೆ ತೆಗೆದುಕೊಟ್ಟವಳು ಅತ್ತೆಯೇ. ಇಬ್ಬರೂ ಪರಸ್ಪರ ಮುಖ ನೋಡಲಿಲ್ಲ. ಕೂದಲ ಗಂಟಿಗೆ ಬಾಚಣಿಗೆ ಸಿಕ್ಕಿಕೊಂಡಿತು, ಕೂಸು ಅತ್ತಿತು. "ಮೆಲ್ಲಕ," ಎಂದಳು ಅತ್ತೆ. ಅದಕ್ಕಿಂತ ಹೆಚ್ಚಿನ ಮಾತು ಅವರ ನಡುವೆ ನನ್ನ ಎದುರಿಗೆ ಆಗಲಿಲ್ಲ.

ನಂತರ ಅತ್ತೆ ನನಗೆ ಹೇಳಿದಳು. "ಮನಿಗೆ ಬಂದಾರಿಗೆ ನೀರು ಕೊಡದ ಕಳಸಿದಾಕಿ ಅಲ್ರಿ ನಾನು. ಇವತ್ತು ನಿಮಗ ಕೊಡಾಕ ಕೈ ಏಳವಲ್ದು. ತಪ್ಪು ತಿಳೀಬ್ಯಾಡ್ರಿ."

"ಬೇಡಮ್ಮ."

"ಇಂಥಾ ಹಾಳಿ ಇನ್ನ ಯಾರ ಕೈಯಾಗ ಐತಿ?"

"ಈ ಊರಲ್ಲೇ ಇನ್ನೂ ಮೂವರ ಹತ್ತಿರ ಇದೆ."

"ಮತ್ತ ಇಲ್ಲೇನು ಕುಂತೀರಿ? ಅವರಿಗೂ ತಾಯಿ ಅದಾರ. ಜಲ್ದಿ ಹೋಗ್ರಿ."

ಎದ್ದೆ. ಮೇಸ್ತ್ರಿ ದಾರಿ ತೋರಿಸಲು ಬಂದ. ಮೊದಲನೆಯವನು ಸೈಕಲ್ ಅಂಗಡಿಯ ಹಿಂದೆ ಮೋಟಾರು ಸುತ್ತುತ್ತಿದ್ದ. ಹಾಳೆಯನ್ನು ಅವನು ಎಂದೋ ಒಲೆಗೆ ಹಾಕಿದ್ದ. "ಬೈಬ್ಯಾಡ್ರಿ ಸರ," ಎಂದು ಕಿವಿ ಹಿಡಿದುಕೊಂಡ. ಜೀವನದಲ್ಲಿ ಮೊದಲ ಸಲ, ಕೊಟ್ಟ ಹಾಳೆ ಕಳೆದ ವಿದ್ಯಾರ್ಥಿಗೆ ಒಳ್ಳೆಯದು ಮಾಡಿದೆ ಎಂದೆ. ಎರಡನೆಯವನ ಹಾಳೆಯಲ್ಲಿ ತಲೆಬರಹ ಹೊಡೆದುಹಾಕಿ ಮೂರು ತಲೆಬರಹ ಬರೆದುಕೊಟ್ಟೆ: ತೇವಕ್ಕೆ, ಶಾಖಕ್ಕೆ, ಕ್ಷಾರಕ್ಕೆ. ಯಾವುದೂ ಕರೆಂಟಿಗೆ ಅಲ್ಲ ಎಂದು ಅವನಿಂದ ಹೇಳಿಸಿದೆ.

ಮುಂದಿನ ಭಾನುವಾರಗಳಲ್ಲಿ ಸಂಡೂರು, ದೋಣಿಮಲೈ, ಹೊಸಪೇಟೆಯ ಪ್ರತಿಗಳೂ ಸಿಕ್ಕವು. ಒಂದು ಸಿಗಲಿಲ್ಲ. ಚೋರನೂರಿನ ಒಬ್ಬ ನಡುವೆಯೇ ತರಗತಿ ಬಿಟ್ಟಿದ್ದ. ಅಲ್ಲಿಗೆ ಎರಡು ಸಲ ಹೋದೆ. ಕೆಲಸ ಹುಡುಕಿಕೊಂಡು ಊರು ಬಿಟ್ಟನೆಂದರು, ಎಲ್ಲಿಗೆಂದು ಯಾರಿಗೂ ಗೊತ್ತಿರಲಿಲ್ಲ. ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಇಂದಿಗೂ ಏನೂ ಬರೆದಿಲ್ಲ. ಲೈನ್ ಕೆಲಸದವನೊಬ್ಬ ಹೋದನೆಂದು ಪತ್ರಿಕೆಯಲ್ಲಿ ಓದಿದಾಗಲೆಲ್ಲ ಮೊದಲು ವಯಸ್ಸು ನೋಡುತ್ತೇನೆ, ಆಮೇಲೆ ಊರು. ಈಗ ಅವನಿಗೂ ವಯಸ್ಸಾಗಿ ನಿವೃತ್ತನಾಗಿರಬೇಕು. ಆದರೂ ನೋಡುತ್ತೇನೆ.

ಆ ಭಾನುವಾರ ಕಂಪ್ಲಿಯ ಮೂರನೆಯವನು ಊರಾಚೆ, ಕಾಲುವೆಯಿಂದ ನೀರೆತ್ತುವ ಒಂದು ಪಂಪ್ ಮನೆಯಲ್ಲಿ ಪಾಳಿಯಲ್ಲಿದ್ದ. ನಡೆದುಕೊಂಡು ಹೋದೆವು. ತಲುಪಿದಾಗ ಐದೂವರೆ. ಅವನ ಹಾಳೆ ಗೋಡೆಗೆ ಅಂಟಿಸಿತ್ತು, ಮೇಲೆ ಅಗರಬತ್ತಿಯ ಹೊಗೆ ಹಿಡಿದಿತ್ತು. ಅದನ್ನು ಕೆರೆದು ತೆಗೆಸಿದೆ. ಹರಳಿನ ವಿಷಯ ಮೊದಲಿನಿಂದ ಹೇಳಿದೆ. ಗಿರಣಿಯವನು ಸತ್ತದ್ದು ಹೇಗೆಂದೂ ಹೇಳಿದೆ.

ಹೊರಗೆ ಟ್ರಾನ್ಸ್‌ಫಾರ್ಮರಿನ ಬೇಲಿಯ ಬಳಿ ನಿಲ್ಲಿಸಿ ಕೇಳಿದೆ. "ಗಾಜು ಏನು ಬಣ್ಣ?"

"ಅರ್ಧ ನೀಲಿ, ಅರ್ಧ ಗುಲಾಬಿ ರಿ."

"ಲೈನ್ ಇದೆಯೋ ಇಲ್ಲವೋ?"

"ಅದನ್ನ ನೋಡಿ ಹೇಳಾಕ ಬರಂಗಿಲ್ರಿ."

"ಹತ್ತಬೇಕಾದರೆ ಏನು ಮಾಡ್ತಿ?"

"ಹಿಡಿಕಿ ಎಳದು, ತಲಿ ಎತ್ತಿ ಮೂರೂ ಕತ್ತಿ ಬಿಚ್ಚ್ಯಾವೋ ಇಲ್ಲೋ ನೋಡ್ತೀನ್ರಿ. ಒಂದು ಸಂಶಯ ಬಂದ್ರೂ ಹತ್ತಂಗಿಲ್ಲ. ಕೋಲಿಗೆ ಅರ್ತ್ ತಂತಿ ಕಟ್ಟಿ ಮೂರಕ್ಕೂ ಕೊಂಡಿ ಹಾಕಿ, ಆಮ್ಯಾಲ ಕೈ ಹಚ್ಚೂದು."

"ಇನ್ನೊಮ್ಮೆ ಹೇಳು."

ಇನ್ನೊಮ್ಮೆ ಹೇಳಿದ. ಮೇಸ್ತ್ರಿ ಪಕ್ಕದಲ್ಲಿ ನಿಂತು, ತುಟಿ ಅಲ್ಲಾಡಿಸುತ್ತಾ, ಅವನ ಜೊತೆಗೇ ಹೇಳಿಕೊಂಡ. ಬೇಲಿಯ ಕಂಬದ ಮೇಲೆ ದಿನಚರಿಯನ್ನಿಟ್ಟು ಬರೆದೆ: ಸಂಜೆ ಐದು ಐವತ್ತೈದು, ಕಂಪ್ಲಿಯ ಮೂರನೆಯ ಪ್ರತಿ ಹಿಂದಕ್ಕೆ ಪಡೆಯಲಾಯಿತು.